ಬೂದುಗಲ್ಲಿನ ಮೇಲೆ ಹರಪನಹಳ್ಳಿಯಾಕೆಯ ಅಕ್ಷರ

ಆ ಅಕ್ಷರವನ್ನು ನಾನು ಮೊದಲು ನೋಡಿದ್ದು ಒಂದು ಮದುವೆ ಕಾರ್ಡಿನ ಮೇಲೆ. ಕೊಟ್ಟೂರಿನ ನನ್ನ ಅಂಗಡಿಗೆ ಗಾಡಿಯ ನಂಬರ್ ಬರೆಸಲು ಬಂದವರೊಬ್ಬರು ಕಾರ್ಡನ್ನು ಟೇಬಲ್ಲಿನ ಮೇಲಿಟ್ಟು, "ತಪ್ಪದ ಬರ್ಬೇಕ್ರಿ" ಅಂದರು. ಮದುವೆ ಯಾರದು, ಯಾವತ್ತು ಎನ್ನುವುದನ್ನು ಓದುವುದು ಬಿಟ್ಟು ನಾನು ವಧುವಿನ ಹೆಸರನ್ನೇ ದಿಟ್ಟಿಸುತ್ತ ಕೂತೆ. ದಪ್ಪ ಗೆರೆ ತುಂಬು ದಪ್ಪ, ತೆಳು ಗೆರೆ ಕೂದಲೆಳೆ. ಒಂದು ಇನ್ನೊಂದಕ್ಕೆ ತಿರುಗುವ ಜಾಗ ಎಲ್ಲಿದೆ ಎಂದು ಕಣ್ಣು ಹುಡುಕಬೇಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತ್ತು. ತಲೆಕಟ್ಟಿನ ತುದಿಯಲ್ಲಿ ಒಂದು ಸಣ್ಣ ಚೂಪು ಪಾದ. ಕಾಗದದ ಮೇಲೆ ಅಕ್ಷರಕ್ಕಿಂತ ಬಿಳಿ ಜಾಗವೇ ಹೆಚ್ಚಿತ್ತು, ಆದರೂ ಖಾಲಿ ಅನ್ನಿಸಲಿಲ್ಲ.

"ಯಾರು ಬರ್ದಾರ್ರಿ ಇದನ್ನ?" ಎಂದು ಕೇಳಿದೆ.

"ಹರಪನಹಳ್ಳ್ಯಾಗ ಒಬ್ಬಾಕಿ ಡ್ರಾಯಿಂಗ್ ಟೀಚರ್ ಅದಾಳ. ತಾನ ಕಂಪ್ಯೂಟರಿನ್ಯಾಗ ಅಕ್ಷರ ಮಾಡ್ಯಾಳಂತ. ಈಗ ಎಲ್ಲಾರೂ ಅದನ್ನ ಹಾಕಸ್ತಾರ್ರಿ."

ಎಲ್ಲಾರೂ ಎಂಬ ಆ ಒಂದು ಮಾತು ಮಧ್ಯಾಹ್ನದ ಊಟದವರೆಗೂ ತಲೆಯಲ್ಲಿ ತಿರುಗುತ್ತಿತ್ತು. ಯಾಕೆಂದರೆ ಅಲ್ಲಿಯವರೆಗೆ ಎಲ್ಲರೂ ಹಾಕಿಸುತ್ತಿದ್ದದ್ದು ನನ್ನ ಅಕ್ಷರ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ಲಾರಿಯ ಹಣೆ ನೋಡಿದರೂ, ಕುರಿ ತುಂಬಿಕೊಂಡು ಹೋಗುವ ಯಾವ ಟೆಂಪೋದ ಮೇಲೆ 'ಮೈಲಾರಲಿಂಗ ಪ್ರಸನ್ನ' ಎಂದಿದ್ದರೂ, ಅದು ನನ್ನ ಕೈ, ಇಲ್ಲವೇ ನನ್ನ ಕೈ ನೋಡಿ ಕಲಿತವರ ಕೈ. ದುಂಡಗಿನ, ಮೈತುಂಬಿದ, ಉಂಡು ಎದ್ದವರ ಹಾಗಿನ ಅಕ್ಷರ. ದೂರದಿಂದ ಕಾಣುತ್ತದೆ, ಧೂಳು ಹಿಡಿದರೂ ಕಾಣುತ್ತದೆ. ಬ್ರಷ್ಷು ಬಿಟ್ಟು ಸ್ಟಿಕರ್ ಕತ್ತರಿಸುವ ಮಷಿನ್ ತಂದಾಗಲೂ, ಕಲ್ಲಿನ ಮೇಲೆ ಮರಳು ಹೊಡೆದು ಅಕ್ಷರ ಕೊರೆಯುವ ಕೆಲಸ ಹಿಡಿದಾಗಲೂ, ಅಕ್ಷರ ಮಾತ್ರ ಅದನ್ನೇ ಉಳಿಸಿಕೊಂಡಿದ್ದೆ.

ಹೊಟ್ಟೆಕಿಚ್ಚು ಪಟ್ಟೆ. ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ಹರಪನಹಳ್ಳಿಯ ಸೀರೆ ಅಂಗಡಿಯೊಂದಕ್ಕೆ ಅದೇ ಅಕ್ಷರದಲ್ಲಿ ಬೋರ್ಡು ಹಾಕಿದ್ದಾರೆಂದು ಕೇಳಿ, ರಬ್ಬರ್ ಹಾಳೆ ತರಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದೆ. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಬೋರ್ಡನ್ನು ನೋಡಿದೆ. ರಸ್ತೆಯಾಚೆಯಿಂದ ತೆಳು ಗೆರೆಗಳು ಕಾಣಿಸಲೇ ಇಲ್ಲ, ದಪ್ಪ ಗೆರೆಗಳಷ್ಟೇ ಬಿಡಿಬಿಡಿಯಾಗಿ ನಿಂತಿದ್ದವು. ನನಗಾದ ಸಂತೋಷಕ್ಕೆ ಇನ್ನೊಂದು ಚಹಾ ಹೇಳಿದೆ. ಆಮೇಲೆ ರಸ್ತೆ ದಾಟಿ ಹತ್ತಿರ ಹೋಗಿ ನಿಂತೆ. ಸಂತೋಷ ಇಳಿದುಹೋಯಿತು, ಅಷ್ಟು ಚೆಂದ ಇತ್ತು.

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ರಬ್ಬರ್ ಹಾಳಿ ಎಲ್ಲಿ?"

"ಸಿಗಲಿಲ್ಲ."

"ಆ ಟೀಚರ್ ಬೋರ್ಡಾರ ಸಿಕ್ತಾ?" ಎಂದು ನಕ್ಕು ಒಳಗೆ ಹೋದಳು.

ಇಷ್ಟರಲ್ಲಿ ಹಗರಿಬೊಮ್ಮನಹಳ್ಳಿಯಿಂದ ಒಂದು ಕೆಲಸ ಬಂತು. ಅಲ್ಲಿ ಒಂದಷ್ಟು ಬೌದ್ಧ ಮನೆತನದವರು ಸೇರಿ ಮಕ್ಕಳು ಓದಲಿಕ್ಕೆಂದು ಒಂದು ಅಧ್ಯಯನ ಮಂದಿರ ಕಟ್ಟುತ್ತಿದ್ದರು. ಲೈನ್‌ಮನ್, ನರ್ಸು, ಬ್ಯಾಂಕಿನವರು, ಮಾಸ್ತರರು, ಹೀಗೆ ಸಂಬಳದ ಕೆಲಸ ಹಿಡಿದವರು. ಬಾಗಿಲ ಒಳಗಿನ ಗೋಡೆಗೆ ಸಂವಿಧಾನದ ಪೀಠಿಕೆಯನ್ನು ಪೂರ್ತಿ ಕಲ್ಲಿನಲ್ಲಿ ಕೊರೆಸಬೇಕು ಎನ್ನುವುದು ಅವರ ಆಸೆ. ಮುಂದೆ ನಿಂತು ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು, ಎಲ್ಲರೂ ಅವರನ್ನು ಹಿರಿ ಮೇಡಂ ಅನ್ನುತ್ತಿದ್ದರು. ಕಲ್ಲು ಆಗಲೇ ನನ್ನ ಶೆಡ್ಡಿಗೆ ಬಂದಿತ್ತು: ಆಳೆತ್ತರದ ಬೂದುಗಲ್ಲಿನ ಹಲಗೆ, ಪಾಲಿಶ್ ಆಗಿದ್ದರೂ ಒಳಗಿನ ಹರಳು ದಪ್ಪ ರವೆಯಂಥದು. ಮನೆಮನೆಯವರು ಸೇರಿ ತಂದ ಕಲ್ಲು. ಒಂದು ಗೆರೆ ತಪ್ಪಿದರೆ ಒರೆಸಿ ತಿದ್ದುವ ಮಾತಿಲ್ಲ, ಕಲ್ಲೇ ಹೋಯಿತು.

ನನ್ನ ಅಕ್ಷರ ಇಷ್ಟು ದೊಡ್ಡ ಕಲ್ಲಿನ ಮೇಲೆ ಕೂರುತ್ತದೆಂದು ನಾನು ಮನಸ್ಸಿನಲ್ಲೇ ಸಾಲು ಹಾಕಿಕೊಳ್ಳುತ್ತಿದ್ದೆ. ಹಿರಿ ಮೇಡಂ ಬಂದರು, ಜೊತೆಗೆ ಒಬ್ಬ ಹೆಣ್ಣುಮಗಳು. ಮೂವತ್ತರ ಆಸುಪಾಸು, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ.

"ಇವ್ರು ಹರಪನಹಳ್ಳಿಯವ್ರು. ಅಕ್ಷರ ಇವ್ರದು, ಕೊರಿಯೋದು ನಿಂದು," ಎಂದರು ಮೇಡಂ.

ನಾನು ನೀರು ಕೊಡುವುದನ್ನೂ ಮರೆತೆ.

"ಮೇಡಂ, ಈ ಅಕ್ಷರ ಕಾರ್ಡಿಗೆ ಚಂದ. ಕಲ್ಲಿಗೆ ಆಗಂಗಿಲ್ರಿ. ಪೂರ್ತಿ ಪೀಠಿಕಿ ಇಷ್ಟಗಲದಾಗ ಹಿಡಿಬೇಕಂದ್ರ ಅಕ್ಷರ ಸಣ್ಣ ಆಕ್ಕಾವ. ಆ ತೆಳು ಗೆರಿ ಈ ಕಲ್ಲಿನ್ಯಾಗ ನಿಲ್ಲಂಗಿಲ್ಲ."

ಹೇಳಿದ್ದು ಸತ್ಯವೇ. ಆದರೆ ಹೇಳುವಾಗ ನನ್ನ ದನಿಯಲ್ಲಿ ಏನಿತ್ತೋ, ಮೇಡಂ ನನ್ನನ್ನೇ ನೋಡಿದರು. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ," ಎಂದರು. "ನಿನ್ನ ಅಕ್ಷರ ಇಲ್ಲಂತ ಹೊಟ್ಟಿ ಉರೀತೈತಿ ಅನ್ನು, ಒಪ್ಕೋತೀನಿ. ಕಲ್ಲಿನ ಮ್ಯಾಲ ಯಾಕ ಹಾಕ್ತಿ?"

ನಾನು ಹೇಳುವ ಸತ್ಯವನ್ನು ಯಾರೂ ನಂಬದ ಹಾಗೆ ನನ್ನ ಮುಖವೇ ನನಗೆ ಅಡ್ಡ ನಿಂತಿತ್ತು. ಸಿಟ್ಟು ಬಂತು. "ದಪ್ಪಕ್ಷರ ಬ್ಯಾಡ ಅನ್ನೋದಕ್ಕ ಕಾರಣಾರ ಹೇಳ್ರಿ," ಎಂದೆ.

ಮೇಡಂ ಕಲ್ಲಿನ ಮೇಲೆ ಕೈಯಾಡಿಸುತ್ತ ಹೇಳಿದರು: "ನಮ್ಮ ಮಂದಿ ದಪ್ಪಕ್ಷರಾನ ನೋಡ್ಕೋತ ಬಂದಾರಪ. ಇಲ್ಲಿ ನಿಲ್ಲಬ್ಯಾಡ, ಇಲ್ಲಿ ಕೂಡ್ರಬ್ಯಾಡ, ಒಳಗ ಬರಬ್ಯಾಡ ಅಂತ ಬರ್ದದ್ದೆಲ್ಲಾ ದಪ್ಪಕ್ಷರದಾಗ. ಇದೊಂದು ಕಲ್ಲು ಚಂದ ಇರ್ಲಿ. ಮದುವಿ ಕಾರ್ಡಿನಷ್ಟು ಚಂದ ಇರ್ಲಿ. ನಮ್ಮ ಹುಡುಗ್ರು ಮುಟ್ಟಿ ನೋಡಂಗ."

ಅಂಥ ಬೋರ್ಡುಗಳಲ್ಲಿ ಎಷ್ಟೋ ನಾನು ಬರೆದವೇ. ದುಡ್ಡು ಕೊಟ್ಟವರು ಹೇಳಿದ್ದನ್ನು ಬರೆಯುವುದು ನಮ್ಮ ಕಸುಬು, ಅದಕ್ಕೆ ನಾನು ತಲೆ ತಗ್ಗಿಸಲಿಲ್ಲ, ಕಲ್ಲಿನ ಮೇಲಿನ ಧೂಳು ಒರೆಸತೊಡಗಿದೆ. ಹರಪನಹಳ್ಳಿಯಾಕೆ, "ಅಣ್ಣಾರೆ, ಒಂದು ಚೂರು ಕಲ್ಲಿನ ಮೇಲೆ ಹೊಡೆದು ನೋಡಾಣ್ರಿ. ಅದರಾಗೇನೈತೆ?" ಎಂದಳು. ನ್ಯಾಯದ ಮಾತು. ಅವಳು ನ್ಯಾಯವಾಗಿ ಮಾತಾಡಿದ್ದೂ ನನಗೆ ಹಿಡಿಸಲಿಲ್ಲ.

ಪರೀಕ್ಷೆಯನ್ನು ನಾನೇ ಕೆಡಿಸಿದೆ ಎನ್ನುವ ಮಾತು ಬರಬಾರದೆಂದು ಎಲ್ಲವನ್ನೂ ಅವಳ ಕೈಯಲ್ಲೇ ಮಾಡಿಸಿದೆ. ಅದೇ ಹಲಗೆಯಿಂದ ಕೊಯ್ದು ಉಳಿದಿದ್ದ ತುಂಡು. ಅವಳದೇ ಕಂಪ್ಯೂಟರಿನಿಂದ ಮಷಿನ್ನಿಗೆ ಅಕ್ಷರ ಹೋಯಿತು. ಅಂಟಿನ ರಬ್ಬರ್ ಹಾಳೆಯಲ್ಲಿ ಮಷಿನ್ ಅಕ್ಷರಗಳನ್ನು ಕತ್ತರಿಸಿತು. ಹಾಳೆಯನ್ನು ಕಲ್ಲಿಗೆ ಒತ್ತಿ ಅಂಟಿಸಿ, ಅಕ್ಷರದ ಭಾಗವನ್ನಷ್ಟೇ ಬ್ಲೇಡಿನ ಮೊನೆಯಿಂದ ಎತ್ತಿ ತೆಗೆಯಬೇಕು. ರಬ್ಬರ್ ಇದ್ದ ಕಡೆ ಕಲ್ಲು ಉಳಿಯುತ್ತದೆ, ತೆಗೆದ ಕಡೆ ಮರಳು ಕೊರೆಯುತ್ತದೆ. ತೆಳು ಗೆರೆಗಳನ್ನು ಎತ್ತುವಾಗ ಅವಳು ಒಂದು ಅಂಚನ್ನೂ ಹರಿಯಲಿಲ್ಲ. ಅದನ್ನೂ ನೋಡಿದೆ.

"ಮರಳು ಹೊಡ್ಯೋ ಗನ್ ನೀನ ಹಿಡಿ ತಂಗಿ," ಎಂದು ಮುಖಕ್ಕೆ ಕಟ್ಟುವ ಗಾಜಿನ ಮುಸುಕು ಕೊಟ್ಟೆ. ಗಾಳಿ ತುಂಬುವ ಕಂಪ್ರೆಸರ್ ಹಾಕಿದೆ. ಮರಳು ಬಡಿಯುವ ಸದ್ದಿಗೆ ಮೇಡಂ ಶೆಡ್ಡಿನಿಂದ ಹೊರಗೆ ಹೋದರು. ಹೊಡೆದು ಮುಗಿದ ಮೇಲೆ ಕಪ್ಪು ಬಣ್ಣ ತುಂಬಿದೆವು, ಒಣಗಲು ಬಿಟ್ಟೆವು, ಹಾಳೆ ಕಿತ್ತೆವು. ದಪ್ಪ ಗೆರೆಗಳು ಚೆನ್ನಾಗಿ ಆಳಕ್ಕೆ ಇಳಿದಿದ್ದವು. ತೆಳು ಗೆರೆಗಳಲ್ಲಿ ಮರಳಿಗೆ ಒಳಗೆ ಹೋಗಲು ದಾರಿಯೇ ಸಿಕ್ಕಿರಲಿಲ್ಲ. ಮೇಲೆ ಸ್ವಲ್ಪ ಕೆರೆದಂತಾಗಿತ್ತು, ಅಷ್ಟೆ. ಹಾಳೆ ಕೀಳುವಾಗ ಅಲ್ಲಿದ್ದ ಬಣ್ಣವೂ ಅದರ ಜೊತೆ ಎದ್ದು ಬಂತು. ಕೆಲವು ಕಡೆ ಕಲ್ಲಿನ ಬಿಳಿ ರವೆ ಚಕ್ಕೆಯಾಗಿ ಹಾರಿ ಗೆರೆಯ ಅಂಚು ಹಲ್ಲು ಬಿದ್ದ ಬಾಯಿಯಂತಾಗಿತ್ತು. ಎರಡು ಮಾರು ದೂರ ನಿಂತರೆ ಅಲ್ಲಿ ಯಾವ ಮಾತು ಬರೆದಿದೆ ಎಂಬುದೇ ತಿಳಿಯುತ್ತಿರಲಿಲ್ಲ.

ನಾನು ಏನೂ ಅನ್ನಲಿಲ್ಲ. ಅನ್ನದೆ ನಿಲ್ಲುವುದರಲ್ಲಿ ಒಂದು ಸುಖವಿದೆ, ಅದನ್ನು ಪೂರ್ತಿ ಉಂಡೆ.

ಅವಳು ತುಂಡುಗಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ನನ್ನ ತಪ್ಪು. ಇದನ್ನ ನಾನು ಕಾಗದಕ್ಕೆ ಅಂತ ಮಾಡಿದ್ದು. ಇಂಗ್ಲಿಷಿನಾಗೆ ಇಂಥವು ಹಳೇ ಕಾಲದಿಂದ ಅದಾವೆ ಅಣ್ಣಾರೆ. ಸೆಂಟಿನ ಬಾಟ್ಲಿ ಮೇಲೆ, ಒಡವೆ ಅಂಗಡಿ ಮೇಲೆ, ಫ್ಯಾಶನ್ ಬಟ್ಟೆ ಪುಸ್ತಕದ ರಟ್ಟಿನ ಮೇಲೆ ನೋಡಿರ್ತೀರಿ. ಅಂಥಾ ಡೌಲು ನಮ್ಮ ಕನ್ನಡಕ್ಕೆ ಯಾಕಿರಬಾರ್ದು ಅನಿಸ್ತು. ದೊಡ್ಡದಾಗಿ, ನಾಕು ಮಾತು ಬರೆದ್ರೆ ರಾಣಿ ಇದ್ದಂಗೆ ಇರ್ತಾವೆ. ಸಣ್ಣದು ಮಾಡಿದ್ರೆ ಸಾಯ್ತಾವೆ." ತುಂಡುಗಲ್ಲನ್ನು ನೆಲಕ್ಕಿಟ್ಟು, "ತೆಳು ಗೆರೆ ದಪ್ಪ ಮಾಡಿ ತರ್ತೀನಿ," ಎಂದು ಎದ್ದಳು.

ಮುಂದಿನ ವಾರ ದಪ್ಪ ಮಾಡಿ ತಂದಳು. ಕಾಗದದ ಮೇಲೆ ಅಚ್ಚು ಹಾಕಿಸಿ ಕಲ್ಲಿನ ಪಕ್ಕ ಹಿಡಿದಳು. ಮರಳಿಗೆ ನಿಲ್ಲುವಷ್ಟು ಗೆರೆ, ಕೊರೆಯಲು ಯಾವ ತೊಂದರೆಯೂ ಇಲ್ಲ. ಆದರೆ ಅಕ್ಷರ ಹೋಗಿತ್ತು. ಬಳುಕುವ ಸೊಂಟಕ್ಕೆ ಗೋಣಿಚೀಲ ಸುತ್ತಿದ ಹಾಗೆ. ಅವಳದೂ ಅಲ್ಲ, ನನ್ನದೂ ಅಲ್ಲ, ಯಾವ ಊರಿನದೂ ಅಲ್ಲ.

"ಇದು ನಡೀತೈತೇನಪ?" ಎಂದು ಮೇಡಂ ಕೇಳಿದರು.

ನಡೆಯುತ್ತಿತ್ತು. ಹೂಂ ಎಂದರೆ ಸಾಕು. ಕಲ್ಲು ಗೋಡೆಗೆ ಏರುತ್ತದೆ, ಈ ಪೆದ್ದ ಅಕ್ಷರ ಅವಳ ಹೆಸರಿನಲ್ಲಿ ಅಲ್ಲೇ ಉಳಿಯುತ್ತದೆ. ನೋಡಿದವರೆಲ್ಲ, ಕಾರ್ಡಿನ ಮೇಲೆ ಚೆನ್ನಾಗಿತ್ತು, ಇಲ್ಲಿ ಏನೂ ಇಲ್ಲ ಎನ್ನುತ್ತಾರೆ. ಇದನ್ನೆಲ್ಲ ಯೋಚಿಸಿ ನನಗೆ ಖುಷಿಯೇ ಆಯಿತು. ಹೂಂ ಎನ್ನಲು ಬಾಯಿಯನ್ನೂ ತೆರೆದೆ.

ಆದರೆ ಅವಳು ಆ ಕಾಗದವನ್ನು ನೋಡುತ್ತಲೇ ಇರಲಿಲ್ಲ, ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ಆ ಅಕ್ಷರದ ಚೆಂದ ಆ ಶೆಡ್ಡಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ, ಮಾಡಿದವಳಿಗೆ ಮತ್ತು ಅದನ್ನು ಕಂಡು ತಿಂಗಳುಗಟ್ಟಲೆ ಉರಿದವನಿಗೆ. ಮೇಡಂಗೆ ಇಷ್ಟವಿತ್ತು, ಊರವರಿಗೆ ಇಷ್ಟವಿತ್ತು, ಆದರೆ ಅದು ಸತ್ತಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿದಿತ್ತು. ತಿಳಿದೂ ಕೊರೆದರೆ ಆ ಕಲ್ಲಿನೆದುರು ನಾನು ಎಂದೂ ನಿಲ್ಲಲಾರೆ ಅನ್ನಿಸಿತು.

"ಬ್ಯಾಡ್ರಿ," ಎಂದೆ. "ಈಕಿ ಅಕ್ಷರ ಮದ್ಲಿನಂಗ ತೆಳುವಾಗೇ ಇರ್ಲಿ. ತಲಿಬರಹ, ಮತ್ತ ನಡುವ ಬರೋ ನಾಕು ಮಾತು, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ, ಇಷ್ಟನ್ನ ಗೇಣುದ್ದ ಮಾಡೂನು. ಅಷ್ಟು ದೊಡ್ಡದಾದ್ರ ತೆಳು ಗೆರಿ ಉಳಿ ಹಿಡದು ಕೈಲೆ ಹೊಡೀತೀನಿ, ಮರಳು ಬ್ಯಾಡ. ಉಳಿದ ಸಣ್ಣ ಬರಹಕ್ಕ ಬ್ಯಾರೆ ಅಕ್ಷರ."

"ಬ್ಯಾರೆ ಅಂದ್ರ ಯಾರದು?"

"ನಂದು."

ಮೇಡಂ ಗಟ್ಟಿಯಾಗಿ ನಕ್ಕರು. "ಕಡೀಗೂ ತುರುಕಿದೀ ನೋಡು!" ಎಂದರು. ನನ್ನ ಕಿವಿ ಬಿಸಿಯಾಯಿತು. ತುರುಕಿದ್ದೂ ನಿಜವೇ.

"ಕೊರೆದು ತೋರಿಸ್ಲಿ ಮೇಡಂ," ಎಂದಳು ಹರಪನಹಳ್ಳಿಯಾಕೆ. "ನಂದನ್ನ ನೋಡಿದಂಗೆ ಅವರ್ದನ್ನೂ ನೋಡಾಣ."

ಮರುದಿನವೇ ಅವಳ ಎದುರಿಗೆ ತುಂಡುಗಲ್ಲಿನ ಮೇಲೆ ನನ್ನ ಅಕ್ಷರ ಹೊಡೆದೆ. ಈಗ ನಗುವ ಸರದಿ ಅವಳದಾಗಬೇಕಿತ್ತು. ನನ್ನದು ಮೈತುಂಬಿದ ಅಕ್ಷರ, ಅದರ ಒಳಗಣ್ಣುಗಳು, ಅಂದರೆ ಸುತ್ತಿನ ಒಳಗಿನ ಖಾಲಿ ಜಾಗಗಳು, ಸಣ್ಣವು. ಲಾರಿಯ ಮೇಲೆ ಅಂಗೈಯಗಲ ಬರೆದಾಗ ತೊಂದರೆಯಿಲ್ಲ. ಇಲ್ಲಿ ಬೆರಳಗಲಕ್ಕೆ ಇಳಿಸಿದಾಗ ಆ ಕಣ್ಣುಗಳನ್ನು ಕಾಯುತ್ತಿದ್ದ ರಬ್ಬರಿನ ಚುಕ್ಕೆಗಳು ಮರಳಿನ ಹೊಡೆತಕ್ಕೆ ಹಾರಿಹೋದವು. ಅರ್ಧಕ್ಕರ್ಧ ಅಕ್ಷರಗಳು ಕಣ್ಣು ಮುಚ್ಚಿ ಬರೀ ಗುಂಡಿಗಳಾದವು. ಅಲ್ಲಿಯವರೆಗೆ ನಾನು ಅವಳ ಗೆರೆಯ ತಪ್ಪನ್ನಷ್ಟೇ ಹುಡುಕಿದ್ದೆ. ನನ್ನ ಅಕ್ಷರವನ್ನು ನಾನೇ ನಿಂತು ನೋಡಿ ಎಷ್ಟು ಕಾಲವಾಗಿತ್ತೋ.

ಅವಳು ನಗಲಿಲ್ಲ. "ಗಾಳಿ ಬೇಕು ಅಣ್ಣಾರೆ ಒಳಗೆ," ಎಂದಷ್ಟೇ ಹೇಳಿ ಬಸ್ಸಿಗೆ ಹೋದಳು.

ನಾನು ಅಂಗಡಿಯ ಬೇರೆ ಕೆಲಸ ಬಿಟ್ಟು ಕೂತೆ. ಆ ಮದುವೆ ಕಾರ್ಡನ್ನು ಎದುರಿಗಿಟ್ಟುಕೊಂಡೆ, ಯಾರಾದರೂ ಬಂದರೆ ಮುಚ್ಚಲು ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು. ಅವಳ ಅಕ್ಷರದೊಳಗೆ ಬಿಳಿ ಎಷ್ಟಿದೆ, ಎರಡು ಅಕ್ಷರದ ನಡುವೆ ಎಷ್ಟು ಬಿಟ್ಟಿದ್ದಾಳೆ, ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಕೊಟ್ಟಿದ್ದಾಳೆ, ಎಲ್ಲವನ್ನೂ ಅಳೆದು ಕದ್ದೆ. ನನ್ನ ಅಕ್ಷರದ ಹೊಟ್ಟೆ ಇಳಿಸಿದೆ. ಗೆರೆ ಎಲ್ಲ ಕಡೆ ಒಂದೇ ಸಮ, ಮರಳು ಒಳಗೆ ಹೋಗುವಷ್ಟು ದಪ್ಪ, ಕಣ್ಣು ತೆರೆಯುವಷ್ಟು ತೆಳು. ಸಾಲಿನಿಂದ ಸಾಲಿಗೆ ಅಂತರ ಹೆಚ್ಚಿಸಿದೆ. ತುಂಡುಗಲ್ಲುಗಳು ಮುಗಿಯುತ್ತ ಬಂದವು, ಹೆಂಡತಿ ಅಡುಗೆಮನೆಯ ಕಟ್ಟೆಗೆಂದು ಎತ್ತಿಟ್ಟಿದ್ದ ತುಂಡನ್ನೂ ಹೊಡೆದು ಬೈಸಿಕೊಂಡೆ. ಕೊನೆಗೆ ಒಂದು ಸಾಲು ಸರಿಯಾಗಿ ಬಂತು. ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿ ಮೇಡಂ ಅವರನ್ನು ಬಾಗಿಲಲ್ಲಿ ನಿಲ್ಲಿಸಿದೆ. ಕನ್ನಡಕ ಹಾಕಿಕೊಳ್ಳದೆಯೇ ಓದಿದರು.

"ಆತು, ಕೊರಿ," ಎಂದರು.

ಸಣ್ಣ ಬರಹವನ್ನು ಮೊದಲು ಹೊಡೆದೆ. ಆಮೇಲೆ ಅವಳ ಗೇಣುದ್ದದ ಮಾತುಗಳು. ದಪ್ಪ ಗೆರೆಗಳಿಗೆ ಮರಳು, ತೆಳು ಗೆರೆಗಳ ಮೇಲೆ ರಬ್ಬರ್ ಹಾಗೇ ಬಿಟ್ಟಿದ್ದೆ. ಅದನ್ನು ತೆಗೆದು, ಸಾಸಿವೆ ಕಾಳಿನಗಲದ ಆ ಗೆರೆಗಳನ್ನು ಮೊನೆ ಉಳಿಯಿಂದ ಹೊಡೆಯತೊಡಗಿದೆ. ರವೆ ಸಿಕ್ಕ ಕಡೆ ಉಳಿಯನ್ನು ಓರೆ ಮಾಡಿ ಸವರಬೇಕು, ನೇರ ಹೊಡೆದರೆ ಚಕ್ಕೆ ಏಳುತ್ತದೆ. ಉಸಿರು ಹಿಡಿದು ಒಂದು ಪೆಟ್ಟು, ಊದಿ ನೋಡಿ ಇನ್ನೊಂದು. ಭ್ರಾತೃತ್ವದ ಒತ್ತು ತಿರುಗುವಲ್ಲಿ ಗೆರೆ ಎಲ್ಲೂ ನಿಲ್ಲದೆ ತೆಳುವಾಗುತ್ತ ಹೋಗಬೇಕು. ಅಲ್ಲಿ ಮಾತ್ರ ಕೈ ಬೆವೆತು ಮೂರು ಸಲ ಉಳಿ ಕೆಳಗಿಟ್ಟೆ. ಇದು ನನ್ನ ಅಕ್ಷರವಾಗಿದ್ದರೆ ಎಂದು ಪ್ರತಿ ಗೆರೆಗೂ ಅನ್ನಿಸುತ್ತಿತ್ತು. ಅಷ್ಟು ಜತನದಿಂದ ನನ್ನ ಅಕ್ಷರವನ್ನೂ ನಾನು ಎಂದೂ ಬರೆದವನಲ್ಲ.

ಅಧ್ಯಯನ ಮಂದಿರ ತೆರೆದ ದಿನ ಹೋದೆ. ಬಂದವರೆಲ್ಲ ಮೊದಲು ನಿಂತದ್ದು ಅವಳ ಮಾತುಗಳ ಎದುರೇ. ಫೋಟೋ ತೆಗೆದರು, ಮಕ್ಕಳನ್ನು ನಿಲ್ಲಿಸಿ ತೆಗೆದರು, ತೆಳು ಗೆರೆಯ ಮೇಲೆ ಬೆರಳೆಳೆದು "ಏನ್ ನಾಜೂಕ್ ಐತಿ ನೋಡು" ಅಂದರು. ಮೇಡಂ ಅವಳಿಗೆ ಶಾಲು ಹೊದಿಸಿ, ಆಮೇಲೆ ನನಗೂ ಹೊದಿಸಿದರು. ಕೊರೆದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನು ಶಾಲು ಮಡಚಿಕೊಂಡು ಹಿಂದಿನ ಸಾಲಿನಲ್ಲಿ ಹೋಗಿ ಕೂತೆ.

ಆಗ ಮೇಡಂ ಎಲ್ಲರನ್ನೂ ಎದ್ದು ನಿಲ್ಲಲು ಹೇಳಿದರು. ಎಲ್ಲರೂ ಕಲ್ಲಿನ ಕಡೆ ತಿರುಗಿ ಪೀಠಿಕೆಯನ್ನು ಒಟ್ಟಿಗೆ ಓದಿದರು. ಮುಂದಿನವರು, ಬಾಗಿಲಲ್ಲಿ ನಿಂತವರು, ಎಳೆಯರು, ಮುದುಕರು. ಎಲ್ಲೂ ತಡವರಿಸಲಿಲ್ಲ, ಯಾರೂ ಕತ್ತು ಚಾಚಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ. ನನ್ನ ಸಣ್ಣಕ್ಷರದ ಮೇಲೆ ಅಷ್ಟೂ ದನಿ ಒಂದೇ ಹದದಲ್ಲಿ ನಡೆದುಹೋಯಿತು. ಅಲ್ಲಿ ಅಕ್ಷರ ಇದೆ ಎನ್ನುವುದೂ ಅವರಿಗೆ ಗೊತ್ತಾಗಲಿಲ್ಲ.

ಹರಪನಹಳ್ಳಿಯಾಕೆ ಓದುತ್ತಿರಲಿಲ್ಲ. ಶಾಲನ್ನು ತೋಳಿನ ಮೇಲೆ ಹಾಕಿಕೊಂಡು, ತನ್ನ ದೊಡ್ಡ ಮಾತುಗಳನ್ನು ಬಿಟ್ಟು, ನನ್ನ ಸಾಲುಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ತುಟಿ ಬಿಗಿದಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು, ಸೀರೆ ಅಂಗಡಿಯ ಬೋರ್ಡಿನ ಕೆಳಗೆ ನಿಂತಾಗ ನನ್ನ ಮೇಲಿದ್ದದ್ದು ಅದೇ ಮುಖ.

ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತಳು. ಎಲೆಯ ಮೇಲೆ ನೀರು ಚಿಮುಕಿಸಿದಳು.

"ಎಲ್ರೂ ನಂದನ್ನ ನೋಡಿದ್ರು," ಎಂದಳು. "ಓದಿದ್ದು ನಿಮ್ದನ್ನ."

ನಾನೂ ನನ್ನ ಎಲೆಗೆ ನೀರು ಚಿಮುಕಿಸಿದೆ.

"ನಾಕು ವರ್ಷದಿಂದ ಒಂದು ಸಣ್ಣಕ್ಷರ ಮಾಡ್ಬೇಕು ಅಂತ ಒದ್ದಾಡ್ತಿದೀನಿ ಅಣ್ಣಾರೆ. ಆಗವಲ್ದು. ನಿಮ್ದು ಕೊಡ್ತೀರೇನು? ನಂದರ ಜೋಡಿಗೆ ಇಡ್ತೀನಿ, ನಿಮ್ಮ ಹೆಸರಿನಾಗೇ."

ನನ್ನನ್ನು ತಿಂಗಳುಗಟ್ಟಲೆ ಹೊಟ್ಟೆಕಿಚ್ಚಿನಲ್ಲಿ ಬೇಯಿಸಿದ್ದವಳು ಕೈ ಚಾಚಿ ಕೇಳುತ್ತಿದ್ದಳು. ಎದುರಿಗೆ ಬಡಿಸುವವರು ಹೋಳಿಗೆ ಹಿಡಿದು ಬಂದರು, ನಾನು ಎರಡು ಹಾಕಿಸಿಕೊಂಡೆ. ಕೊಡಬೇಕೆಂದು ಆ ಹೊತ್ತಿಗೆ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

"ನೋಡೂನು," ಎಂದೆ. ಅಷ್ಟು ಬೇಗ ಹೇಳಿಬಿಡಲು ಮನಸ್ಸು ಬರಲಿಲ್ಲ.